ಜಾಡಿಸುವ ದಿನ

ನಮ್ಮೂರಲ್ಲಿ ಯಾರೂ ತಲೆ ಅಲ್ಲಾಡಿಸಿ ‘ಇಲ್ಲ’ ಅನ್ನುವುದಿಲ್ಲ. ಬಾಯಲ್ಲಿ ಅನ್ನುತ್ತೇವೆ, ಕೈ ಬೀಸಿ ಅನ್ನುತ್ತೇವೆ, ಸಿಟ್ಟು ನೆತ್ತಿಗೇರಿದರೆ ಬಾಗಿಲು ಬಡಿದು ಅನ್ನುತ್ತೇವೆ. ತಲೆಯನ್ನು ಮಾತ್ರ ಅತ್ತಿತ್ತ ಆಡಿಸುವುದಿಲ್ಲ, ಆಡಿಸಿದರೆ ಉದುರುತ್ತದೆ. ಮರೆತದ್ದೆಲ್ಲ ಇಲ್ಲಿ ಅಗಸಿಯಂಥ ಸಣ್ಣ ಕಪ್ಪು ಕಾಳಾಗಿ ಕೂದಲ ಬುಡದಿಂದ, ಕಿವಿಯ ಹಿಂದಿನಿಂದ ಕೆಳಗೆ ಬೀಳುತ್ತದೆ. ಮುದುಕರ ಮಂಚದ ಸುತ್ತ ಬೆಳಗಾದರೆ ಒಂದು ಮೊರದಷ್ಟು ಸಿಗುತ್ತದೆ. ಕ್ಷೌರದಂಗಡಿಯಲ್ಲಿ ಕತ್ತರಿ ಹಿಡಿಯುವ ಮೊದಲು “ಏನರ ನೆನಪಿಟ್ಕೊಳ್ಳೂದು ಇದ್ರ ಈಗ ಹೇಳಿಬಿಡ್ರಿ” ಎಂದು ಕೇಳಿಯೇ ಕೂರಿಸುತ್ತಾರೆ. ಹೇಳಿದ ಸಾಮಾನನ್ನು ಗಂಡ ಮರೆತು ಬಂದನೋ, ಬೇಕೆಂದೇ ಬಿಟ್ಟು ಬಂದನೋ ಎಂಬುದನ್ನು ಹೆಂಡತಿ ಅವನ ಅಂಗಿಯ ಹೆಗಲು ನೋಡಿ ಹೇಳುತ್ತಾಳೆ. ಮರೆತದ್ದಕ್ಕೆ ಉದುರುತ್ತದೋ, ಉದುರಿದ್ದಕ್ಕೆ ಮರೆಯುತ್ತೇವೋ ಎಂದು ಯಾರೂ ಕೇಳಿಕೊಂಡವರಲ್ಲ. ಕಸಬರಿಗೆ ಇದೆ, ಗುಡಿಸುತ್ತೇವೆ, ಬದುಕು ನಡೆದಿದೆ.

ಆದರೆ ಸಾಲಿಯ ಮಾತು ಬೇರೆ. ನಾನು ಈ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಹೆಸರು ದಾನಮ್ಮ, ಮಕ್ಕಳು ‘ದಾನಮ್ಮ ಅಕ್ಕೋರು’ ಅನ್ನುತ್ತಾರೆ, ನನ್ನ ಬೆನ್ನ ಹಿಂದೆ ‘ಮೆಣಸಿನಕಾಯಿ ಅಕ್ಕೋರು’ ಅನ್ನುತ್ತಾರೆ. ಅನ್ನಲಿ, ಸುಳ್ಳೇನಲ್ಲ. ನಮ್ಮ ಹೆಡ್ ಮಾಸ್ತರರು ಮೂಲಿಮನಿ ಸರ್. ಬಿಳಿ ಟೊಪ್ಪಿಗೆ, ಗಂಜಿ ಹಾಕಿದ ಅಂಗಿ, ನೆಟ್ಟಗಿನ ಕುತ್ತಿಗೆ. ಅವರು ಆ ಟೊಪ್ಪಿಗೆ ತೆಗೆದದ್ದನ್ನು ಅವರ ಹೆಂಡತಿಯೂ ನೋಡಿಲ್ಲ ಎಂದು ಊರು ಹೇಳುತ್ತದೆ. ತಮ್ಮ ಕಾಲದ ಪರೀಕ್ಷೆಗಳಲ್ಲೆಲ್ಲ ಮೊದಲ ನಂಬರು ಬಂದವರು, ಈ ಸಾಲಿಗೆ ಬಂದ ದಿನದಿಂದ ಒಂದು ಕಾಳೂ ಉದುರಿಸದವರು ಎಂಬುದು ಅವರ ಹೆಮ್ಮೆ. ಸಾಲಿಯ ಗೇಟಿನ ಮೇಲೆ ‘ನೂರಕ್ಕೆ ನೂರು ಫಲಿತಾಂಶ’ ಎಂಬ ಬೋರ್ಡನ್ನು ಪ್ರತಿ ವರ್ಷ ಹೊಸ ಬಣ್ಣ ಹೊಡೆಸಿ ತೂಗುಹಾಕುವವರೂ ಅವರೇ.

ಆ ನೂರು ಹೇಗೆ ಬರುತ್ತದೆ ಎಂಬುದನ್ನು ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಚಳಿಗಾಲ ಮುಗಿಯುತ್ತ ಬಂದಾಗ ಹತ್ತನೆಯ ತರಗತಿಯ ಮಕ್ಕಳಿಗೆ ತಲೆಕಟ್ಟು ಕಟ್ಟುತ್ತಾರೆ. ಹಸಿ ಬಟ್ಟೆಯನ್ನು ಹಣೆಯಿಂದ ಕುತ್ತಿಗೆಯವರೆಗೆ ಬಿಗಿಯಾಗಿ ಸುತ್ತಿ, ಒಣಗಿದ ಮೇಲೆ ಇನ್ನೊಂದು ಸುತ್ತು. ಓದಿದ್ದು ಒಂದು ಕಾಳೂ ಹೊರಗೆ ಹೋಗಬಾರದು. ಪರೀಕ್ಷೆ ಮುಗಿಯುವವರೆಗೆ ಅದನ್ನು ತಾವಾಗಿ ಬಿಚ್ಚುವಂತಿಲ್ಲ, ಓಡುವಂತಿಲ್ಲ, ಮಗ್ಗುಲಾಗಿ ಮಲಗುವಂತಿಲ್ಲ. ಮಕ್ಕಳು ಗೋಡೆಗೆ ಬೆನ್ನು ಕೊಟ್ಟು ಕೂತೇ ನಿದ್ದೆ ಮಾಡುತ್ತವೆ. ಕಬಡ್ಡಿ ಅಂಕಣದಲ್ಲಿ ಹುಲ್ಲು ಬೆಳೆಯುತ್ತದೆ. ಹೆಣ್ಣುಮಕ್ಕಳ ತಲೆಗೆ ಎಣ್ಣೆಯಿಲ್ಲ, ಬಾಚಣಿಕೆಯಿಲ್ಲ. ಒಳಗೆ ಹೇನಿನ ರಾಜ್ಯಭಾರ. ಕೆರೆದುಕೊಂಡರೆ ಉದುರುತ್ತದೆಂದು ಕೈಗೆ ಪೆಟ್ಟು. ಇಂಥ ಮಗುವಿನ ಮುಂದೆ ಪುಸ್ತಕ ಹಿಡಿದು ಬೆಳಗಿನಿಂದ ಸಂಜೆಯವರೆಗೆ ಅದೇ ಪುಟ, ಅದೇ ಸಾಲು, ಅದೇ ರಾಗ. ಅರ್ಥ ಕೇಳಿದರೆ “ಅರ್ಥಕ್ಕ ಮಾರ್ಕ್ಸ್ ಇಲ್ಲ” ಎಂಬ ಉತ್ತರ. ಗಿಣಿಯಾದರೂ ಮೆಣಸಿನಕಾಯಿ ಸಿಗುತ್ತದೆಂಬ ಆಸೆಗೆ ಮಾತಾಡುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ಹಲ್ಲು ಕಚ್ಚಿ ಸುಮ್ಮನಿರಬಹುದಿತ್ತು. ಹಾಲ್ ಟಿಕೆಟ್ ಕೊಡುವ ಮೊದಲು ಜಾಡಿಸುವ ದಿನ ಬರುತ್ತದೆ. ಸಾಲಿಯ ಪಡಸಾಲೆಯಲ್ಲಿ ಬಿಳಿ ಚಾದರ ಹಾಸುತ್ತಾರೆ. ಒಂದೊಂದು ಮಗುವನ್ನೂ ಅದರ ಮೇಲೆ ನಿಲ್ಲಿಸಿ, ತಲೆಕಟ್ಟು ಬಿಚ್ಚಿ, ಮೂಲಿಮನಿ ಸರ್ ಸ್ವಂತ ಕೈಯಿಂದ ಭುಜ ಹಿಡಿದು ಜಾಡಿಸುತ್ತಾರೆ. ಚಾದರ ಬೆಳ್ಳಗೇ ಉಳಿದರೆ ಹಾಲ್ ಟಿಕೆಟ್. ಕಾಳು ಬಿದ್ದರೆ ಇಲ್ಲ. ಕಾಳು ಬಿದ್ದ ಮಕ್ಕಳು ಪರೀಕ್ಷೆಗೇ ಕೂರದಿದ್ದ ಮೇಲೆ ನೂರಕ್ಕೆ ನೂರು ಬರದೆ ಇನ್ನೇನು ಬಂದೀತು? ಒಬ್ಬಳೇ ಓಡುವ ಓಟದಲ್ಲಿ ನಾನೂ ಮೊದಲಿಗಳು. ಹಾಗೆ ಹೊರಗಾದವರು ಬಹಳಷ್ಟು ಮಂದಿ ಮೆಣಸಿನಕಾಯಿ ಶೆಡ್ಡಿಗೆ ತೊಟ್ಟು ಮುರಿಯಲು ಹೋಗುತ್ತಾರೆ. ಹೋದ ವರ್ಷ ಬಸಲಿಂಗಿ ಎಂಬ ಹುಡುಗಿ ಹಾಗೆ ಹೋದಳು. ‘ಮಿಂಚು ಮೊದಲು ಕಾಣುತ್ತದೆ, ಗುಡುಗು ಆಮೇಲೆ ಕೇಳುತ್ತದೆ, ಯಾಕೆ?’ ಎಂದು ನಾನು ಕೇಳಿದಾಗ ಇಡೀ ತರಗತಿಯಲ್ಲಿ ಯೋಚನೆ ಮಾಡಿದ ಒಂದೇ ಮುಖ ಅವಳದು. ಅವಳ ಕಾಳನ್ನು ಅವತ್ತೇ ಗುಡಿಸಿ ಹಿತ್ತಲ ಗುಂಡಿಗೆ ಚೆಲ್ಲಿದರು. ಆಗ ನಾನು ಕೂಗಾಡಿದೆ, ಯಾರೂ ಕೇಳಲಿಲ್ಲ.

ಈ ವರ್ಷ ತುಳಸಾ. ಇಸ್ತ್ರಿ ಈರಪ್ಪನ ಮಗಳು. ಜಾಡಿಸುವ ದಿನದ ಬಿಳಿ ಚಾದರವನ್ನು ಪ್ರತಿ ವರ್ಷ ಒಗೆದು ಇಸ್ತ್ರಿ ಮಾಡಿ ತಂದುಕೊಡುವವನು ಈರಪ್ಪನೇ. ಹುಡುಗಿ ಬಹಳ ಉದುರಿಸುತ್ತಿದ್ದಳು. ಪಾಠ ಮುಗಿದು ಊಟದ ಹೊತ್ತಿಗೆ ಅವಳ ಬೆಂಚಿನ ಕೆಳಗೆ ಒಂದು ಹಿಡಿ ಬಿದ್ದಿರುತ್ತಿತ್ತು. ಒಂದು ಮಧ್ಯಾಹ್ನ ನಾನು ತರಗತಿಗೆ ಮರಳಿ ಬಂದಾಗ ಅವಳು ಬೆಂಚಿನ ಕೆಳಗೆ ಮಂಡಿಯೂರಿ, ಯಾರೂ ನೋಡುವ ಮೊದಲು ಕಾಳು ಆರಿಸಿ ಲಂಗದ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಬಿಳುಚಿಕೊಂಡಳು. “ಸರ್‌ಗೆ ಹೇಳಬ್ಯಾಡ್ರಿ ಅಕ್ಕೋರ” ಎಂದಳು. “ಹೇಳೂದಿಲ್ಲ, ಮೊದಲ ಹೊರಗ ಬಾ. ಏನು ಬಿದ್ದೈತಿ?” ಎಂದೆ. ಅವಳು ಒಂದು ಕಾಳು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ತುಟಿ ಕಚ್ಚಿದಳು. ತಡೆದು ತಡೆದು, “ಇದು... ಎಲಿ ಯಾಕ ಹಸರ ಇರ್ತೈತಿ ಅನ್ನೂದು... ಬಿಸಿಲಿಂದ ಊಟ ಮಾಡಿಕೊಳ್ಳೂದು...” ಎಂದಳು. ಕಾಳು ಅವಳ ಅಂಗೈಯಲ್ಲೇ ಉಪ್ಪಿನ ಹರಳಿನಂತೆ ಕರಗಿಹೋಯಿತು. ಇನ್ನೊಂದನ್ನು ತೆಗೆದುಕೊಂಡಳು; ಅದು ಏನೆಂದು ತೋಚದೆ ಪುಸ್ತಕ ತೆರೆದು ನೋಡಿದಳು. ಓದಿದಳು, ಆದರೆ ಕಾಳು ಹಾಗೇ ಕೂತಿತ್ತು. ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಇಷ್ಟು ವರ್ಷ ಇಡೀ ಊರು ಕಾಳನ್ನು ಗುಡಿಸಿ ಎಸೆಯಿತೇ ಹೊರತು, ಅದನ್ನು ಕೈಯಲ್ಲಿ ಹಿಡಿದು ‘ನೀನು ಯಾವುದು’ ಎಂದು ಕೇಳಿದವರು ಒಬ್ಬರೂ ಇರಲಿಲ್ಲ.

ಆಮೇಲೆ ನಾನು ಬಿಡಲಿಲ್ಲ. ನನ್ನದೇ ದಿಂಬಿನ ಮೇಲೆ ಬಿದ್ದದ್ದನ್ನು ಹೆಕ್ಕಿ ನೋಡಿದೆ. ತಿಣುಕಿ ನೆನಪಿಗೆ ತಂದುಕೊಂಡದ್ದು ಕರಗಿ ಒಳಗೆ ಹೋಗುತ್ತಿತ್ತು. ಪುಸ್ತಕ ನೋಡಿ ತಿಳಿದುಕೊಂಡರೆ ಕಾಳು ಕರಗುತ್ತಿರಲಿಲ್ಲ, ತಿಳಿದದ್ದು ಮರುದಿನವೇ ಇನ್ನೊಂದು ಕಾಳಾಗಿ ಬೀಳುತ್ತಿತ್ತು. ಒಮ್ಮೆ ಬಿದ್ದು ಒಳಗೆ ಹೋದದ್ದು ಎರಡನೆಯ ಸಲ ತಡವಾಗಿ ಬೀಳುತ್ತಿತ್ತು, ಮೂರನೆಯ ಸಲ ಇನ್ನೂ ತಡವಾಗಿ. ಹಾಗೆ ಬಿದ್ದೂ ಎದ್ದೂ ಹಳತಾದದ್ದು ಎಷ್ಟು ಜಾಡಿಸಿದರೂ ಬೀಳುತ್ತಿರಲಿಲ್ಲ. ಉದುರದೆ ಬೀಜ ಮೊಳೆಯುವುದಿಲ್ಲ ಎಂಬುದು ರೈತನ ಮನೆಯ ಕೂಸಿಗೂ ಗೊತ್ತು. ನಾವು ಓದಿದವರು, ನಮಗೆ ಗೊತ್ತಿರಲಿಲ್ಲ.

ಅಂದಿನಿಂದ ನನ್ನ ತರಗತಿಯ ರೀತಿ ಬದಲಾಯಿತು. ಪಾಠ ಮುಗಿದ ಕೂಡಲೆ ಪುಸ್ತಕ ಮುಚ್ಚಬೇಕು. ಉಳಿದದ್ದನ್ನು ಪಾಟಿಯ ಮೇಲೆ ಬರೆಯಬೇಕು, ತಪ್ಪಾದರೂ ಸರಿ. ಇವತ್ತು ಬೆಳಕಿನ ಪಾಠ ಮಾಡಿದರೆ ನಾಳೆ ಅದರ ಗೊಡವೆ ಬೇಡ, ರಕ್ತದ ಪಾಠ ಓದಬೇಕು. ಬೆಳಕು ಉದುರಲು ಶುರುವಾದಾಗ ಮರಳಿ ಅದಕ್ಕೆ ಬರಬೇಕು. ಒಂದೇ ಜಾತಿಯ ಲೆಕ್ಕಗಳನ್ನು ಸಾಲಾಗಿ ಮಾಡುವಂತಿಲ್ಲ, ಕಲಸಿ ಮಾಡಬೇಕು. ಮಗ್ಗುಲಿನವಳಿಗೆ ಹೇಳಿಕೊಡಬೇಕು, ಅವಳು ‘ಯಾಕೆ?’ ಎಂದರೆ ಸಿಡುಕಬಾರದು. ಮನೆಗೆ ಹೋಗಿ ಕಾಲು ಚಾಚಿ ಮಲಗಿ ನಿದ್ದೆ ಮಾಡಬೇಕು. “ಬಿದ್ದರ ಅಳಬ್ಯಾಡ್ರಿ, ಕೈಯಾಗ ತೊಗೊಳ್ರಿ. ಮೊದಲ ನೆನಪು, ಆಮ್ಯಾಲೆ ಪುಸ್ತಕ” ಎಂದು ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು. ಮಕ್ಕಳಿಗೆ ಮೊದಲು ಕಷ್ಟವಾಯಿತು. ಸುಮ್ಮನೆ ರಾಗವಾಗಿ ಓದುವುದರಲ್ಲಿ ಸುಖವಿದೆ, ಎಲ್ಲ ಬಂದುಬಿಟ್ಟಿತು ಅನ್ನಿಸುತ್ತದೆ. ಪುಸ್ತಕ ಮುಚ್ಚಿದರೆ ಮಾತ್ರ ಬಂಡವಾಳ ಬಯಲು.

ಮಧ್ಯಾಹ್ನದ ಹೊತ್ತಿಗೆ ನನ್ನ ತರಗತಿಯ ನೆಲ ಕಪ್ಪಾಗಿರುತ್ತಿತ್ತು. ಮೂಲಿಮನಿ ಸರ್ ಬಾಗಿಲಲ್ಲಿ ನಿಂತು ಮೂಗು ಮುರಿದರು. “ಇದೇನ್ರಿ ದಾನಮ್ಮ, ಕ್ಲಾಸೋ ತಿಪ್ಪಿಯೋ?” “ತಿಪ್ಪಿನ ಸರ. ಗೊಬ್ಬರ ಆಗೂದು ಅಲ್ಲೇ” ಎಂದೆ. ಅವರು ನನ್ನ ಬಾಯಿಗೆ ಹತ್ತಲಿಲ್ಲ, ಪಾಲಕರ ಕಿವಿ ಊದಿದರು. ಮರುವಾರ ತಾಯಂದಿರು ಗುಂಪು ಕಟ್ಟಿ ಬಂದರು. ಒಬ್ಬಾಕೆ ಮಗಳ ಜಡೆಯನ್ನು ಎತ್ತಿ ತೋರಿಸಿ, “ಪಕ್ಕದ ಕ್ಲಾಸಿನ ಹುಡುಗೂರು ಒಂದ ಕಾಳು ಬೀಳಿಸಿಲ್ಲ. ನಮ್ಮ ಹುಡುಗಿ ದಿಂಬಿನ ಮ್ಯಾಲ ನೋಡ್ರಿ, ಸುಗ್ಗಿ!” ಎಂದು ಹಾರಾಡಿದಳು. ಪಕ್ಕದ ಕ್ಲಾಸಿನ ಹುಡುಗರನ್ನು ಪಾಠದಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿ ನೋಡಿರಿ ಎಂದೆ. “ಪಾಠದಾಗ ಇಲ್ಲದ್ದು ಯಾಕ ಕೇಳಬೇಕ್ರಿ?” ಎಂದಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅನೇಕರು ತಮ್ಮ ಮಕ್ಕಳನ್ನು ನನ್ನ ತರಗತಿಯಿಂದ ಬಿಡಿಸಿಕೊಂಡು ಹೋದರು.

ತುಳಸಾ ಉಳಿದಳು, ಆದರೆ ಒಂದು ಸೋಮವಾರ ತಲೆಕಟ್ಟು ಕಟ್ಟಿಸಿಕೊಂಡು ಬಂದಳು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಟ್ಟೆ, ಹಲಗೆಯ ಹಾಗೆ ಬಿಗಿ. ಎರಡು ವಾರ ಕಳೆಯುವುದರೊಳಗೆ ಹುಡುಗಿಯ ಮುಖ ಬಾತುಕೊಂಡಿತು, ಬೋರ್ಡು ಎರಡಾಗಿ ಕಾಣುತ್ತದೆ ಎಂದಳು. ನಾನು ಅವಳನ್ನು ನಲ್ಲಿಯ ಹತ್ತಿರ ಕೂರಿಸಿ ಬಟ್ಟೆ ಬಿಚ್ಚಿದೆ. ಕಿವಿಯ ಹಿಂದೆ ಹುಣ್ಣಾಗಿ ಕೀವು ಕೂತಿತ್ತು. ಹೇನುಗಳು ಬೆಳಕಿಗೆ ಹೆದರಿ ಚದುರಿದವು. ಹದಿನೈದು ವರ್ಷದ ಹುಡುಗಿ ನಾಚಿಕೆಯಿಂದ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನನ್ನ ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಉರಿಯಬೇಕು ಎಂದು ತಿಳಿಯದೆ ನಲ್ಲಿಯ ಕಟ್ಟೆಗೆ ಬಟ್ಟೆಯನ್ನು ಬಡಿದೆ. ಆಮೇಲೆ ಬೇವಿನ ಎಣ್ಣೆ ತರಿಸಿ ಹಚ್ಚಿ, ಹಣಿಗೆಯಲ್ಲಿ ಬಾಚಿ, ಆ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಈರಪ್ಪನ ಅಂಗಡಿಗೆ ನಡೆದೆ.

ಈರಪ್ಪ ಮೆಲುದನಿಯ ಮನುಷ್ಯ. ಅವತ್ತು ಅವನ ದನಿ ಏರಿತ್ತು. “ಯಾಕ ಬಿಚ್ಚಿದ್ರಿ ಅಕ್ಕೋರ? ಚಾದರ ಇಸ್ತ್ರಿ ಮಾಡಾವ ನಾನು. ನಾನು ಮಡಿಚಿ ಕೊಟ್ಟ ಚಾದರದ ಮ್ಯಾಲ ನನ್ನ ಮಗಳದ ಕಾಳು ಬೀಳೂದು ನಾನ ನೋಡಬೇಕೇನು? ನಿಮ್ಮ ಮಗಳಾಗಿದ್ರ ಹಿಂಗ ಬಿಡ್ತಿದ್ರೇನು?” ಎಂದ. “ನನ್ನ ಮಗಳಾಗಿದ್ರ ಈ ಬಟ್ಟಿ ಇಷ್ಟೊತ್ತಿಗೆ ಒಲಿಯಾಗ ಇರ್ತಿತ್ತು” ಎಂದೆ. ಬಟ್ಟೆಯ ಒಳಮೈಯನ್ನು ತಿರುವಿ ಅವನ ಮೇಜಿನ ಮೇಲೆ ಹಾಸಿದೆ. ಕೀವಿನ ಕಲೆ, ರಕ್ತದ ಕಲೆ. ಊರಿನವರ ಕಲೆಯನ್ನೆಲ್ಲ ನೋಡಿದವನು ಅದನ್ನು ನೋಡಲಾರದೆ ಮುಖ ತಿರುಗಿಸಿದ. ಇಸ್ತ್ರಿಪೆಟ್ಟಿಗೆಯ ಕೆಂಡ ಊದುತ್ತ, “ಶೆಡ್ಡಿಗೆ ಹೋಗಬಾರದ್ರಿ ಆಕಿ. ಅಷ್ಟ ನನಗ ಬೇಕಾದ್ದು. ಆಕಿ ಅವ್ವ ಅಲ್ಲೇ ಕೆಮ್ಮಿ ಕೆಮ್ಮಿ ಸತ್ಲು” ಎಂದ.

ನಾನು ಅವನ ಮುಂದೆ ಒಂದು ಒಪ್ಪಂದ ಇಟ್ಟೆ. ತಲೆಕಟ್ಟು ಬೇಡ, ಅದರ ಬದಲು ದಿನಾ ಸಂಜೆ ತುಳಸಾ ಅಂಗಡಿಯಲ್ಲಿ ಕೂತು ಅಪ್ಪನಿಗೆ ಒಂದು ಪಾಠ ಹೇಳಬೇಕು, ಪುಸ್ತಕವಿಲ್ಲದೆ. ಅವನಿಗೆ ಅರ್ಥವಾದರೆ ಬಂತೆಂದು ಲೆಕ್ಕ. ಈರಪ್ಪ ಸಾಲಿ ಕಂಡವನಲ್ಲ, ಹೀಗಾಗಿ ಎಲ್ಲದಕ್ಕೂ ‘ಯಾಕ?’ ಅನ್ನುತ್ತಿದ್ದ. ಒದ್ದೆ ಬಟ್ಟೆಯ ನೀರು ಎಲ್ಲಿ ಹೋಗುತ್ತದೆ? ಹೋದದ್ದು ಯಾಕೆ ಕಾಣುವುದಿಲ್ಲ? ಕಾಣದ್ದು ಇದೆ ಎಂದು ಹೇಗೆ ಹೇಳುತ್ತೀ? ಹುಡುಗಿ ತೊದಲಿ, ಮತ್ತೆ ಶುರುಮಾಡಿ, ಕೊನೆಗೆ ಸಿಟ್ಟಾಗಿ, ಇದ್ದಲಿ ಹಿಡಿದು ಅಂಗಡಿಯ ಗೋಡೆಯ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದಳು. ಗಿರಾಕಿಗಳೂ ನಿಂತು ಕೇಳುತ್ತಿದ್ದರು. ಅಂಗಡಿಯ ನೆಲದ ಮೇಲೆ ಬೀಳುವ ಕಾಳು ದಿನದಿನಕ್ಕೆ ಕಡಿಮೆಯಾಗುವುದನ್ನು ಈರಪ್ಪ ಕಣ್ಣಾರೆ ಕಂಡ. ಪೂರಾ ನಿಲ್ಲಲಿಲ್ಲ. ನಿಲ್ಲುವುದೂ ಇಲ್ಲ, ಜೀವಂತ ತಲೆ ಅದು.

ಜಾಡಿಸುವ ದಿನ ಪಡಸಾಲೆಯ ತುಂಬ ಪಾಲಕರು. ಈರಪ್ಪ ಚಾದರ ಹಾಸಿ, ಸುಕ್ಕು ತೀಡಿ, ಕಂಬದ ಮರೆಗೆ ಹೋಗಿ ನಿಂತ. ಮೂಲಿಮನಿ ಸರ್ ಟೊಪ್ಪಿಗೆ ಸರಿಮಾಡಿಕೊಂಡು ಚಾದರದ ನಡುವೆ ಬಂದರು. ಮಕ್ಕಳು ಒಂದೊಂದಾಗಿ ಹೋದವು. ತಲೆಕಟ್ಟು ಬಿಚ್ಚುತ್ತಿದ್ದಂತೆ ಕೊಳೆತ ವಾಸನೆ ಹೊಡೆಯಿತು. ಯಾರೂ ಮೂಗು ಮುಚ್ಚಲಿಲ್ಲ, ಅದು ವಿದ್ಯೆಯ ವಾಸನೆಯಂತೆ. ಜಾಡಿಸಿದರು, ಬೀಳಲಿಲ್ಲ, ಹಾಲ್ ಟಿಕೆಟ್ ಕೊಟ್ಟರು. ಇಬ್ಬರು ಹುಡುಗರಿಂದ ಬಿತ್ತು. ಅವರು ಅಳುತ್ತ ಪಕ್ಕಕ್ಕೆ ಸರಿದರು, ಜವಾನ ಚಾದರ ಕೊಡವಿ ಮತ್ತೆ ಹಾಸಿದ. ಆಮೇಲೆ ತುಳಸಾ ಬಂದಳು, ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡ ತಲೆಯಲ್ಲಿ. ಬರಿದಲೆಯನ್ನು ನೋಡಿಯೇ ಸರ್ ಹುಬ್ಬು ಗಂಟಿಕ್ಕಿದರು. ಬೇರೆ ಮಕ್ಕಳಿಗಿಂತ ಹೆಚ್ಚು ಜೋರಾಗಿ ಜಾಡಿಸಿದರು, ಹುಡುಗಿಯ ಹಲ್ಲು ಕಟಕಟ ಅಂದವು. ಬಿಳಿ ಚಾದರದ ಮೇಲೆ ನಾಲ್ಕಾರು ಕಾಳು ಬಿದ್ದವು.

ಕಂಬದ ಹಿಂದೆ ಈರಪ್ಪ ಕಣ್ಣು ಮುಚ್ಚಿದ. ತುಳಸಾ ಮಾತ್ರ ಗಾಬರಿಯಾಗಲಿಲ್ಲ. ಚಾದರದ ಮೇಲೆ ಮಂಡಿಯೂರಿ ಒಂದು ಕಾಳನ್ನು ಅಂಗೈಗೆ ತೆಗೆದುಕೊಂಡು, “ಇದು ಆಮ್ಲ ಮತ್ತ ಕ್ಷಾರ ಕೂಡಿದ್ರ ಉಪ್ಪಾಗೂದು” ಎಂದಳು. ಕರಗಿತು. “ಇದು ಮಸೂರದ ಸೂತ್ರ.” ಸೂತ್ರ ಹೇಳಿದಳು, ತಪ್ಪಿದಳು, ತಿದ್ದಿಕೊಂಡಳು, ಕರಗಿತು. ಹೀಗೆ ಎಲ್ಲವೂ. ಚಾದರ ಮತ್ತೆ ಬೆಳ್ಳಗಾಯಿತು. ಪಾಲಕರ ನಡುವೆ ಗುಜುಗುಜು ಎದ್ದಿತು. ಅಂಥದ್ದನ್ನು ಅವರು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನಾನು ಉಸಿರು ಬಿಟ್ಟೆ. ಮೂಲಿಮನಿ ಸರ್ ಹಾಲ್ ಟಿಕೆಟ್‌ಗಳ ಕಟ್ಟನ್ನು ಕಂಕುಳಲ್ಲಿ ಒತ್ತಿಕೊಂಡು, “ಬಿದ್ದದ್ದು ಬಿದ್ದಂಗ. ಮುಂದಿನವರು ಬರ್ರಿ” ಎಂದರು.

ನಾನು ಚಾದರದ ಮೇಲೆ ಕಾಲಿಟ್ಟೆ, ಚಪ್ಪಲಿ ಸಮೇತ. “ಬಿದ್ದದ್ದನ್ನ ಎಲ್ಲಾರ ಮುಂದ ಹೆಕ್ಕ್ಯಾಳಲ್ರಿ ಸರ. ಇನ್ನೇನು ಬೇಕು ನಿಮಗ?” ಎಂದೆ. “ನಿಯಮ ಅಂದ್ರ ನಿಯಮ. ಸಾಲಿ ಹೆಸರು ಕೆಡಸಾಕ ನಾ ಬಿಡೂದಿಲ್ಲ” ಎಂದರು. “ಸಾಲಿ ಹೆಸರು? ಸಾಲಿ ಅಂದ್ರ ಕಲಿಸೂ ಜಾಗಾ. ಬರದವರಿಗೆ ಕಲಿಸೂದು ಬಿಟ್ಟು, ಬರದವರನ್ನ ಹೊರಗ ಹಾಕಿ ಬೋರ್ಡಿಗೆ ಬಣ್ಣಾ ಹಚ್ಚತೀರಿ. ಹುಡುಗಿ ಕಿವಿ ಹಿಂದ ಕೀವು ಆಗಿತ್ತು, ಕಣ್ಣು ಮಂಜಾಗಿತ್ತು, ನೋಡಿದ್ರ್ಯಾ ನೀವು? ಹ್ವಾದ ವರ್ಷ ಬಸಲಿಂಗಿಗೂ ಹಿಂಗ ಅಂದ್ರಿ. ಆಕಿ ಈಗ ಶೆಡ್ಡಿನ್ಯಾಗ ಕೆಮ್ಮಾಕತ್ಯಾಳ. ಅದು ಯಾವ ಬೋರ್ಡಿನ ಮ್ಯಾಲ ಬರಸ್ತೀರಿ?” ಮೂಲಿಮನಿ ಸರ್ ಅವರ ಮುಖ ಕೆಂಪಗಾಯಿತು, ಕುತ್ತಿಗೆಯ ನರ ಉಬ್ಬಿದವು. ಅವರ ಜನ್ಮದಲ್ಲಿ ಯಾರೂ ಅವರನ್ನು ಹೀಗೆ ಚಾದರ ತುಳಿದು ನಿಂತು ಕೇಳಿರಲಿಲ್ಲ, ಅದೂ ಹೆಣ್ಣುಮಗಳು, ಅದೂ ಪಾಲಕರ ಮುಂದೆ. “ಹೇಳ್ರಿ ಸರ, ಈ ಹುಡುಗಿಗೆ ಹಾಲ್ ಟಿಕೆಟ್ ಕೊಡ್ತೀರೋ ಇಲ್ಲೋ? ಕೊಡ್ತೀರೋ ಇಲ್ಲೋ?” ಎಂದು ನಾನು ಅವರ ಮುಖಕ್ಕೆ ಮುಖ ಕೊಟ್ಟು ಕೇಳಿದೆ.

ಆಗ ಅವರು ಮೈಮರೆತರು. ಸಿಟ್ಟಿನ ಭರದಲ್ಲಿ, ಊರಿನ ಕೂಸುಗಳೂ ಮಾಡದ ಕೆಲಸ ಮಾಡಿದರು. ತಲೆಯನ್ನು ಜೋರಾಗಿ ಅತ್ತಿತ್ತ ಅಲ್ಲಾಡಿಸಿ ‘ಇಲ್ಲ’ ಅಂದರು. ಟೊಪ್ಪಿಗೆ ಹಾರಿ ಈರಪ್ಪನ ಕಾಲ ಹತ್ತಿರ ಬಿತ್ತು. ಅದರ ಹಿಂದೆಯೇ ಸುರಿಯಿತು. ಚೀಲದ ಬಾಯಿ ಬಿಚ್ಚಿಕೊಂಡಂತೆ ಸುರಿಯಿತು. ಕಾಳು ಕಾಳಾಗಿ, ಆಮೇಲೆ ಎಷ್ಟೋ ವರ್ಷ ಟೊಪ್ಪಿಗೆಯ ಕೆಳಗೆ ಬೆವರಿಗೆ ಅಂಟಿ ಗಟ್ಟಿಯಾದ ಹೆಂಟೆ ಹೆಂಟೆಯಾಗಿ. ಅವರು ಎರಡೂ ಕೈಯಿಂದ ತಲೆ ಹಿಡಿದುಕೊಂಡರು, ಬೆರಳ ಸಂದಿಯಿಂದಲೂ ಉದುರಿತು. ಚಾದರದ ಬಿಳಿ ಎಲ್ಲೂ ಕಾಣದಂತಾಯಿತು. ಅವರು ಅಷ್ಟು ವರ್ಷಗಳ ಹಿಂದೆ ಕಟ್ಟಿಟ್ಟ ಮೊದಲ ನಂಬರೆಲ್ಲ ಅಲ್ಲಿ ಬಿದ್ದಿತ್ತು, ಒಂದನ್ನೂ ಯಾವತ್ತೂ ಮುಟ್ಟಿ ನೋಡಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇನ್ನೊಬ್ಬರು. ನಾನೂ ನಗಬೇಕಿತ್ತು, ಇಷ್ಟು ವರ್ಷ ಈ ದಿನಕ್ಕೇ ಕಾದವಳ ಹಾಗೆ ನಗು ಗಂಟಲಿಗೆ ಬಂದೂ ಇತ್ತು.

ತುಳಸಾ ನಗಲಿಲ್ಲ. ಸರ್ ಆ ರಾಶಿಯ ನಡುವೆ ಕುಸಿದು ಕೂತಿದ್ದರು, ಟೊಪ್ಪಿಗೆಯಿಲ್ಲದ ತಲೆ ಮುದುಕನ ತಲೆಯಾಗಿತ್ತು. ಹುಡುಗಿ ಅವರ ಎದುರು ಕೂತು, ರಾಶಿಯಿಂದ ಒಂದೇ ಒಂದು ಕಾಳನ್ನು ಬಿಡಿಸಿ, ಅವರ ಅಂಗೈ ಬಿಚ್ಚಿ ಅದರಲ್ಲಿಟ್ಟಳು. “ಬಿದ್ದರ ಏನೂ ಆಗೂದಿಲ್ರಿ ಸರ. ಪುಸ್ತಕ ನೋಡಬ್ಯಾಡ್ರಿ. ಮೊದಲ ನೆನಪು ಮಾಡ್ಕೊಳ್ರಿ, ಆಮ್ಯಾಲೆ ಪುಸ್ತಕ. ಅವಸರ ಇಲ್ಲ” ಎಂದಳು. ನಾನು ಹೇಳುವ ಮಾತೇ. ನನ್ನ ಬಾಯಲ್ಲಿ ಯಾವತ್ತೂ ಅಷ್ಟು ಮೆತ್ತಗೆ ಬಂದಿರಲಿಲ್ಲ. ಸರ್ ಕಾಳನ್ನು ನೋಡುತ್ತ ಕೂತರು. ಹಣೆ ನೆರಿಗೆಯಾಯಿತು, ತುಟಿ ಅಲುಗಿತು. ಪಡಸಾಲೆಯ ನಗು ಒಂದೊಂದಾಗಿ ನಿಂತಿತು. ಕಾಳು ಕರಗಲಿಲ್ಲ. ಅವರು ತಲೆ ಎತ್ತದೆ, ಕಂಕುಳಿಂದ ಜಾರಿ ಮಡಿಲಿಗೆ ಬಿದ್ದಿದ್ದ ಹಾಲ್ ಟಿಕೆಟ್ ಕಟ್ಟನ್ನು ನನ್ನ ಕಡೆ ಚಾಚಿ, “ಎಲ್ಲಾರಿಗೂ ಕೊಟ್ಟುಬಿಡ್ರಿ” ಎಂದರು.

ತುಳಸಾಗೆ ಕೊಟ್ಟೆ, ಅಳುತ್ತ ನಿಂತಿದ್ದ ಆ ಇಬ್ಬರು ಹುಡುಗರಿಗೂ ಕೊಟ್ಟೆ. ಈರಪ್ಪ ಮಗಳ ಹಾಲ್ ಟಿಕೆಟನ್ನು ಎರಡೂ ಕೈಯಲ್ಲಿ ಹಿಡಿದು ತಿರುವಿ ಮುರುವಿ ನೋಡಿ, ಅದರ ಮಡಿಕೆಯನ್ನು ಬೆರಳಿನಿಂದ ತೀಡಿ ಸಪಾಟು ಮಾಡಿದ. ಮರುದಿನ ನನಗೆ ಮೇಲಿನಿಂದ ನೋಟಿಸು ಬಂತು. ಹಿರಿಯ ಅಧಿಕಾರಿಯನ್ನು ಸಾರ್ವಜನಿಕವಾಗಿ ತಲೆ ಅಲ್ಲಾಡಿಸುವಂತೆ ಪ್ರಚೋದಿಸಿದ್ದು ನನ್ನ ಅಪರಾಧ. ಬರಲಿ. ಸಿಟ್ಟು ತೀರಿತಲ್ಲ ದಾನಮ್ಮ, ಇನ್ನಾದರೂ ತಣ್ಣಗಾಗು ಎಂದು ಸ್ಟಾಫ್ ರೂಮಿನಲ್ಲಿ ಹೇಳಿದರು. ತೀರಿದರೆ ತಾನೇ. ಈ ಸಲ ಮೂವರು ಒಳಗೆ ಹೋದರು ನಿಜ, ಇಷ್ಟು ವರ್ಷ ಹೊರಗೆ ಹೋದವರು ಹೊರಗೇ ಇದ್ದಾರೆ.

ಆ ಭಾನುವಾರ ಪುಸ್ತಕ ತೆಗೆದುಕೊಂಡು ಮೆಣಸಿನಕಾಯಿ ಶೆಡ್ಡಿಗೆ ಹೋದೆ. ಬಾಗಿಲಲ್ಲೇ ಘಾಟು ಹೊಡೆದು ಕಣ್ಣಲ್ಲಿ ನೀರು ಬಂತು. ಬಸಲಿಂಗಿ ಮೂಗಿಗೆ ಸೆರಗು ಕಟ್ಟಿಕೊಂಡು ಕೆಂಪು ರಾಶಿಯ ಮುಂದೆ ತೊಟ್ಟು ಮುರಿಯುತ್ತಿದ್ದಳು. ಹೊರಗಿನಿಂದಲೂ ಪರೀಕ್ಷೆಗೆ ಕೂರಬಹುದು, ನಾನು ಹೇಳಿಕೊಡುತ್ತೇನೆ ಎಂದೆ. “ಏನೂ ಉಳಿದಿಲ್ರಿ ಅಕ್ಕೋರ. ಅವತ್ತ ಎಲ್ಲಾ ಗುಡಿಸಿ ಹಾಕಿದ್ರಲ್ಲ” ಎಂದಳು. “ಒಂದಾದ್ರೂ ಇರಬೇಕಲ್ಲವ್ವಾ” ಎಂದೆ. ಅವಳು ಕೈ ಬೀಸಲಿಲ್ಲ. ಸುಮ್ಮನೆ ತಲೆ ಅಲ್ಲಾಡಿಸಿದಳು. ಆ ಶೆಡ್ಡಿನಲ್ಲಿ ಎಲ್ಲರೂ ಹಾಗೇ ಅಲ್ಲಾಡಿಸುತ್ತಾರೆ, ಕಳೆದುಕೊಳ್ಳಲು ಏನೂ ಇಲ್ಲವೆಂದು ಅವರಿಗೆ ಹೇಳಿ ಕಳಿಸಿದ್ದೇವಲ್ಲ.

ಅವಳ ಕಿವಿಯ ಹಿಂದಿನಿಂದ ಒಂದು ಕಾಳು ಜಾರಿ ಮಡಿಲಿಗೆ ಬಿತ್ತು. ಬಸಲಿಂಗಿ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಖಾರ ಮೆತ್ತಿದ ಬೆರಳಿನಿಂದ ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು. “ಮಿಂಚು...” ಎಂದಳು. ಮುಂದಿನದು ತೋಚಲಿಲ್ಲ. ಇನ್ನೊಂದು ಕೈ ನನ್ನ ಪುಸ್ತಕದ ಕಡೆ ಚಾಚಿತು. ನಾನು ಪುಸ್ತಕವನ್ನು ಬೆನ್ನ ಹಿಂದೆ ಇಟ್ಟು, ಅವಳ ಮುಂದೆ ನೆಲದ ಮೇಲೆ ಕೂತೆ.